ರೌಟರಿನ ಬೋರ್ಡ್ ಹೋದರೆ: ರಿಪೇರಿ ಮಾಡಿಸುವುದಾ, ಕಾರ್ಡ್ ಬದಲಿಸುವುದಾ, ಹೊಸತೇ ತರುವುದಾ?

ಕಾಸರಗೋಡಿನ ಕಡೆ ನೆಟ್‌ವರ್ಕ್ ಕೆಲಸ ಮಾಡುವವರಿಗೆ ವರ್ಷಕ್ಕೆ ಎರಡು ಸುಗ್ಗಿ. ಒಂದು ವಿಷು ಕಳೆದ ಮೇಲೆ, ಮೊದಲ ಗುಡುಗು ಮಳೆಗೆ. ಇನ್ನೊಂದು ದೀಪಾವಳಿಯ ಆಸುಪಾಸು, ಮಧ್ಯಾಹ್ನದ ಬಿಸಿಲು ಇಳಿಯುವ ಮೊದಲೇ ಮೂಡು ದಿಕ್ಕಿನಲ್ಲಿ ಮೋಡ ಕಟ್ಟುವ ಕಾಲಕ್ಕೆ. ನಡುವಿನ ಆಟಿ ತಿಂಗಳ ಜಡಿಮಳೆಯಲ್ಲಿ ಸಿಡಿಲು ಕಡಿಮೆ. ಆಗ ಬರುವುದು ಪಸೆ ಮತ್ತು ತುಕ್ಕಿನ ಕೇಸುಗಳು.

ಹೋದ ವರ್ಷ ದೀಪಾವಳಿಗೆ ವಾರ ಇರುವಾಗ ಬದಿಯಡ್ಕದ ಹತ್ತಿರದ ಒಂದು ಸಹಕಾರಿ ಸಂಘದಿಂದ ಫೋನ್ ಬಂತು. "ನಿನ್ನೆ ಸಂಜೆ ಒಂದು ಸಿಡಿಲು ಬಡಿದದ್ದು ಮಾರಾಯ್ರೇ. ಬೆಳಿಗ್ಗೆ ಬಂದು ನೋಡಿದರೆ ಕೌಂಟರಿನಲ್ಲಿ ಒಂದು ಕೆಲಸವೂ ಆಗುವುದಿಲ್ಲ. ರೌಟರಿನ ಬೋರ್ಡ್ ಹೋಗಿದೆ ಅಂತ ಇಲ್ಲಿನ ಹುಡುಗ ಹೇಳ್ತಾನೆ. ಎಂತ ಮಾಡುವುದು? ಬೋರ್ಡ್ ಮಾತ್ರ ಹಾಕಿಸುವುದಾ, ಹೊಸತೇ ತೆಗೆಯುವುದಾ?" ಸೆಕ್ರೆಟರಿಯವರ ದನಿಯಲ್ಲಿ ಅರ್ಧ ಗಾಬರಿ, ಅರ್ಧ ಮುಂದಿನ ಕಮಿಟಿ ಮೀಟಿಂಗಿನ ಲೆಕ್ಕ.

ಎಲ್ಲರೂ ಮೊದಲು ಕೇಳುವುದು ಬೋರ್ಡಿಗೆ ಎಷ್ಟಾಗುತ್ತದೆ ಎಂದು. ನಾನು ಮೊದಲು ಕೇಳುವುದು ಎಷ್ಟು ಹೊತ್ತು ಕಾಯುತ್ತೀರಿ ಎಂದು. ನಮ್ಮ ಊರಿನಲ್ಲಿ ಬೋರ್ಡಿನ ಬೆಲೆಗಿಂತ ಅದು ಬಂದು ಸೇರುವವರೆಗಿನ ದಿನಗಳೇ ಜಾಸ್ತಿ ದುಬಾರಿ. ಮುಂದೆ ಬರೆದಿರುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಯಾವ ಬಗೆಯ ರೌಟರ್ ಎಂದು ಮೊದಲು ನೋಡಿ

ಮನೆಯಲ್ಲಿ, ಸಣ್ಣ ಅಂಗಡಿಯಲ್ಲಿ ಇರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದೇ ಬೋರ್ಡು. ಪ್ರೊಸೆಸರ್, ಮೆಮೊರಿ, ವೈಫೈ, ಪೋರ್ಟು ಎಲ್ಲ ಅದಕ್ಕೇ ಬೆಸೆದಿರುತ್ತದೆ. ಅಲ್ಲಿ ಬೋರ್ಡ್ ಬದಲಿಸುವುದು ಎಂದರೆ ರೌಟರನ್ನೇ ಬದಲಿಸಿದ ಹಾಗೆ.

ಸಂಘ, ಬ್ಯಾಂಕ್ ಶಾಖೆ, ಕಾಲೇಜುಗಳಲ್ಲಿ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಸಿಸ್ಕೊ ಕಂಪನಿಯ 2900 ಸಾಲು, ಅದರ ನಂತರ ಬಂದ 4000 ಸಾಲು ಇಂಥವು. ಒಳಗೆ ಒಂದು ಮದರ್‌ಬೋರ್ಡ್, ಪುಟ್ಟ ಕಾರ್ಡುಗಳನ್ನು ತೂರಿಸಲು ಸ್ಲಾಟ್. ಕಾರ್ಡ್ ಹೋದರೆ ಕಾರ್ಡ್ ಬದಲಿಸಬಹುದು. ಮದರ್‌ಬೋರ್ಡ್ ಹೋದರೆ ಕತೆ ಬೇರೆ.

ಮೂರನೆಯದು ದೊಡ್ಡ ಚಾಸಿ, ಅಂದರೆ ಕಾರ್ಡುಗಳನ್ನು ತೂರಿಸುವ ದೊಡ್ಡ ಲೋಹದ ಚೌಕಟ್ಟು. ಇಂಟರ್ನೆಟ್ ಕೊಡುವ ಕಂಪನಿಗಳಲ್ಲಿ, ದೊಡ್ಡ ಕೇಬಲ್ ಆಪರೇಟರುಗಳಲ್ಲಿ ಕಾಣುವ, ಜುನಿಪರ್ ಕಂಪನಿಯ ಎಂಎಕ್ಸ್ ತರಹದ್ದು. ಅಲ್ಲಿ ಎಲ್ಲವೂ ಕಾರ್ಡೇ. ಪೋರ್ಟುಗಳಿಗೆ ಲೈನ್ ಕಾರ್ಡ್, ಬುದ್ಧಿಗೆ ರೌಟಿಂಗ್ ಎಂಜಿನ್, ಗಾಳಿಗೆ ಫ್ಯಾನ್ ಟ್ರೇ, ಪವರ್ ಸಪ್ಲೈ ಎರಡೋ ನಾಲ್ಕೋ. ಒಂದು ಹೋದರೆ ಉಳಿದದ್ದು ಓಡುತ್ತಿರಲಿ ಎಂದೇ ಅದನ್ನು ಹಾಗೆ ಕಟ್ಟಿರುವುದು.

ಹೋದದ್ದು ಬೋರ್ಡೇ ಹೌದಾ?

ನನಗೆ "ಬೋರ್ಡ್ ಹೋಗಿದೆ" ಎಂದು ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಬೋರ್ಡ್ ಹೋಗಿರುವುದಿಲ್ಲ. ಅಡಾಪ್ಟರ್ ಹೋಗಿರುತ್ತದೆ. ಇದರಲ್ಲಿ ಒಂದು ಮೋಸ ಉಂಟು. ಅಡಾಪ್ಟರನ್ನು ಸುಮ್ನೆ ಹೊರಗೆ ಹಿಡಿದು ಮಲ್ಟಿಮೀಟರಿನಲ್ಲಿ ಅಳೆದರೆ 12 ವೋಲ್ಟ್ ಚಂದಕ್ಕೆ ತೋರಿಸುತ್ತದೆ. ರೌಟರಿಗೆ ಸಿಕ್ಕಿಸಿದ ಕೂಡಲೇ 8ಕ್ಕೋ 9ಕ್ಕೋ ಕುಸಿಯುತ್ತದೆ. ದೀಪ ಉರಿಯುತ್ತದೆ, ಆದರೆ ರೌಟರ್ ಪೂರ್ತಿ ಏಳುವ ಮೊದಲೇ ಮತ್ತೆ ಮಲಗುತ್ತದೆ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಆಂಪಿಯರಿನ ಬೇರೆ ಅಡಾಪ್ಟರ್ ಹಾಕಿ ನೋಡಿ. ಪಿನ್ನಿನ ಪ್ಲಸ್-ಮೈನಸ್ ಗುರುತೂ ಹೊಂದಬೇಕು. 9 ವೋಲ್ಟಿನ ರೌಟರಿಗೆ 12ರ ಅಡಾಪ್ಟರ್ ಚುಚ್ಚಿ ನಿಜವಾಗಿಯೂ ಬೋರ್ಡ್ ಸುಟ್ಟುಕೊಂಡವರನ್ನೂ ಕಂಡಿದ್ದೇನೆ.

ಆಮೇಲೆ ಫೈಬರ್. ಮೋಡೆಮಿನ ಪುಟದಲ್ಲಿ ಬೆಳಕಿನ ಮಟ್ಟ ಎಂದು ಒಂದು ಅಂಕೆ ಇರುತ್ತದೆ. ಮನೆಗೆ ಬರುವ ಸಾಮಾನ್ಯ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಬಗೆಯ) ಸಂಪರ್ಕದಲ್ಲಿ ಅದು ಮೈನಸ್ 8ರಿಂದ ಮೈನಸ್ 27 ಡಿಬಿಎಂ ಒಳಗೆ ಇರಬೇಕು. ಮೈನಸ್ 29, 30 ತೋರಿಸಿದರೆ ಬೆಳಕು ತೀರಾ ಕಮ್ಮಿ ಎಂದು ಅರ್ಥ, ಅದು ಹೆಚ್ಚಾಗಿ ಪೆಟ್ಟಿಗೆಯ ತಪ್ಪಲ್ಲ. ಎಲ್ಲೋ ತೆಂಗಿನ ಮಡಲು ಬಿದ್ದು ಕೇಬಲ್ ಮಡಚಿದೆ, ಅಥವಾ ಹಸಿರು ಕನೆಕ್ಟರಿನ ತುದಿಗೆ ಕೊಳೆ ಹಿಡಿದಿದೆ.

ತಾಮ್ರದ ಕೇಬಲಿನಲ್ಲಿ ಇನ್ನೊಂದು ಸೂಚನೆ ಸಿಗುತ್ತದೆ. 1 ಗಿಗಾಬಿಟ್ ಲಿಂಕಿಗೆ ನಾಲ್ಕೂ ಜೋಡಿ ತಂತಿ ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಸಿಡಿಲಿನ ಮರುದಿನದಿಂದ ಗಿಗಾಬಿಟ್ ಪೋರ್ಟು 100ಕ್ಕೆ ಇಳಿದಿದ್ದರೆ ಯಾವುದೋ ಜೋಡಿ ಸತ್ತಿದೆ. ಕೇಬಲ್ ಬದಲಿಸಿ ನೋಡಿ. ಹೊಸ ಕೇಬಲಿಗೂ ಅದೇ ಕತೆ ಎಂದಾದರೆ ಪೋರ್ಟು ಅರ್ಧ ಸುಟ್ಟಿದೆ. ಅರ್ಧ ಸುಟ್ಟ ಪೋರ್ಟಿನಲ್ಲಿ ಕೆಲಸ ನಡೆಸುವವರು ಬೇಕಾದಷ್ಟು ಜನ ಇದ್ದಾರೆ. ಅದು ಯಾವ ದಿನ ಪೂರ್ತಿ ಹೋಗುತ್ತದೆ ಎಂದು ಹೇಳಲಿಕ್ಕೆ ಬರುವುದಿಲ್ಲ.

ಕಾರ್ಡ್ ಇರುವ ರೌಟರಿನಲ್ಲಿ ಮೊದಲು ಕನ್ಸೋಲ್ ಕೇಬಲಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿ "ಶೋ ಇನ್ವೆಂಟರಿ" ಎಂಬ ಕಮಾಂಡ್ ಕೊಡಿ. ಜುನಿಪರಿನಲ್ಲಾದರೆ "ಶೋ ಚಾಸಿಸ್ ಹಾರ್ಡ್‌ವೇರ್". ಕಾರ್ಡಿನ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಸತ್ತಿದೆ, ಇಲ್ಲವೇ ಸರಿಯಾಗಿ ಕೂತಿಲ್ಲ. ಹೆಸರು ಇದ್ದು ಪೋರ್ಟ್ ಮಾತ್ರ ಏಳದಿದ್ದರೆ ಎಸ್‌ಎಫ್‌ಪಿ (ಪೋರ್ಟಿಗೆ ತೂರಿಸುವ, ಕೇಬಲ್ ಸೇರುವ ಪುಟ್ಟ ತುಂಡು), ಕೇಬಲ್, ಕಾನ್ಫಿಗರೇಶನ್ (ರೌಟರಿನೊಳಗಿನ ಸೆಟ್ಟಿಂಗುಗಳು) ನೋಡಿ. ಆಮೇಲೆ ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿ ನೋಡುವುದು. ಅಲ್ಲಿಯೂ ಏಳದಿದ್ದರೆ ಕಾರ್ಡ್ ಹೋಗಿದೆ. ಅಲ್ಲಿ ಎದ್ದರೆ ಸ್ಲಾಟಿನ ಮೇಲೆ ಅನುಮಾನ. ಆದರೆ ಹಾಗೆ ಹಾಕುವ ಮೊದಲು ಟಾರ್ಚ್ ಬಿಟ್ಟು ಸ್ಲಾಟಿನ ಒಳಗೆ ನೋಡಿ. ಬಾಗಿದ ಪಿನ್ನಿಗೆ ಒಳ್ಳೆಯ ಕಾರ್ಡನ್ನು ಒತ್ತಿದರೆ ಅದೂ ಹೋಗುತ್ತದೆ.

ಬದಿಯಡ್ಕದ ಸಂಘದಲ್ಲಿ ಇಷ್ಟೂ ಮಾಡಿದೆ. ಮದರ್‌ಬೋರ್ಡ್ ಬದುಕಿತ್ತು. ನಾಲ್ಕು ಪೋರ್ಟಿನ ಈಥರ್ನೆಟ್ ಕಾರ್ಡ್ ಸತ್ತಿತ್ತು. ಕಾರಣವೂ ಕಣ್ಣೆದುರೇ ಇತ್ತು. ಕಚೇರಿಯಿಂದ ಅಂಗಳದಾಚೆಯ ಅಡಿಕೆ ಗೋಡೌನಿಗೆ ತಾಮ್ರದ ಕೇಬಲನ್ನು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಗಾಳಿಯಲ್ಲಿ ಎಳೆದಿದ್ದರು.

ಆಯ್ಕೆ ಒಂದು: ಅದೇ ಬೋರ್ಡನ್ನು ರಿಪೇರಿ ಮಾಡಿಸುವುದು

ನಮ್ಮಲ್ಲಿ ಎಲ್ಲರ ಮನಸ್ಸು ಮೊದಲು ಓಡುವುದು ಇಲ್ಲಿಗೇ. ಟಿವಿ ರಿಪೇರಿ ಮಾಡಿಸಿ ಇಪ್ಪತ್ತು ವರ್ಷ ನೋಡಿದ ಜನ ನಾವು, ರೌಟರನ್ನು ಮಾತ್ರ ಬಿಡುತ್ತೇವಾ? ಆದರೆ ಯಾವ ಭಾಗ ಹೋಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕರೆಂಟ್ ಒಳಗೆ ಬರುವ ಜಾಗ ಹೋಗಿದ್ದರೆ ರಿಪೇರಿಗೆ ಒಪ್ಪಿಗೆ. ಸಡಿಲವಾದ ಪವರ್ ಜಾಕ್, ಹಾರಿಹೋದ ಫ್ಯೂಸ್, ಉಬ್ಬಿದ ಕೆಪಾಸಿಟರ್, ಸಿಕ್ಕಿಕೊಂಡ ಫ್ಯಾನ್. ಇವೆಲ್ಲ ಮೊಬೈಲ್ ರಿಪೇರಿ ಮಾಡುವ ಹುಡುಗನೂ ಮಾಡಬಲ್ಲ ಕೆಲಸ. ಕೆಪಾಸಿಟರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ರೌಟರಿನ ಆಯಸ್ಸು ತುಂಬಾ ಸಲ ಅದರ ಕೈಯಲ್ಲೇ ಇರುತ್ತದೆ. ಡಬ್ಬಿ ಆಕಾರದ ಸಾಮಾನ್ಯ ಕೆಪಾಸಿಟರಿನ ಮೈಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಆ ಬಿಸಿಯಲ್ಲಿ ಅದು 2,000 ಗಂಟೆ ಬಾಳುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ 10 ಡಿಗ್ರಿ ಕಮ್ಮಿಯಾದ ಹಾಗೆ ಆಯಸ್ಸು ಹೆಚ್ಚುಕಡಿಮೆ ದುಪ್ಪಟ್ಟು. 65 ಡಿಗ್ರಿಯಲ್ಲಿ 32,000 ಗಂಟೆ, ಅಂದರೆ ಹಗಲು ರಾತ್ರಿ ಓಡಿಸಿದರೆ ಮೂರೂವರೆ ವರ್ಷ ಚಿಲ್ಲರೆ. 55 ಡಿಗ್ರಿಗೆ ಇಳಿಸಿದರೆ ಏಳು ವರ್ಷ ದಾಟುತ್ತದೆ. ಶೀಟಿನ ಮಾಡಿನ ಕೆಳಗೆ, ಮುಚ್ಚಿದ ಮರದ ಕಪಾಟಿನಲ್ಲಿ ರೌಟರ್ ಇಟ್ಟು "ಕಂಪನಿ ಸರಿ ಇಲ್ಲ" ಎನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ. ಕಪಾಟಿನ ಬಾಗಿಲು ತೆಗೆದಿಟ್ಟರೆ ಖರ್ಚಿಲ್ಲದೆ ವರ್ಷಗಳು ಸಿಗುತ್ತವೆ.

ಪೋರ್ಟಿನ ಕಡೆ ಸಿಡಿಲು ಹೊಕ್ಕಿದ್ದರೆ ರಿಪೇರಿ ಬೇಡ. ಆರ್‌ಜೆ45 ಪೋರ್ಟಿನ (ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗದ) ಹಿಂದೆ ಕಪ್ಪು ಬಣ್ಣದ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಸಂಘದ ಕಾರ್ಡಿನಲ್ಲಿ ಅದರ ಮೂಲೆ ಸಿಡಿದು, ಒಳಗಿನ ಕೂದಲೆಳೆಯ ತಾಮ್ರದ ಸುರುಳಿ ಹೊರಗೆ ಬಂದಿತ್ತು. ಮೂಗಿನ ಹತ್ತಿರ ಹಿಡಿದರೆ ಸುಟ್ಟ ವಾಸನೆ ಇನ್ನೂ ಇತ್ತು. ಆ ಟ್ರಾನ್ಸ್‌ಫಾರ್ಮರ್ ಬದಲಿಸುವುದು ದೊಡ್ಡ ಕೆಲಸ ಅಲ್ಲ. ತೊಂದರೆ ಏನೆಂದರೆ, ಅದು ಸಿಡಿಯುವಷ್ಟು ಬಂದ ಏಟು ಅದರ ಹಿಂದಿನ ಚಿಪ್ಪನ್ನು ಬಿಟ್ಟಿರುವುದು ಅಪರೂಪ. ಮನೆಯ ರೌಟರುಗಳಲ್ಲಿ ಆ ಚಿಪ್ಪು ಎಷ್ಟೋ ಸಲ ಪ್ರೊಸೆಸರಿನ ಒಳಗೇ ಇರುತ್ತದೆ. ಪ್ರೊಸೆಸರಿನ ಬೆಸುಗೆ ಅದರ ಹೊಟ್ಟೆಯ ಕೆಳಗೆ ಕಾಳಿನ ಹಾಗೆ ಇರುವಂಥದ್ದು, ಕಣ್ಣಿಗೆ ಕಾಣುವುದಿಲ್ಲ. ಈಗಿನ ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿ ದಾಟಬೇಕು, ಹಳೆಯ ಸೀಸದ ಬೆಸುಗೆಗೆ 183 ಸಾಕಿತ್ತು. ಬಿಸಿಗಾಳಿ ಬಿಟ್ಟು ಹೇಗೋ ಎಬ್ಬಿಸಿ ಕೊಡುತ್ತಾರೆ, ನಾಲ್ಕು ವಾರಕ್ಕೆ ಪುನಃ ಮಲಗುತ್ತದೆ.

ಚಿಪ್ಪಿನ ಒಳಗೇ ದೋಷ ಇದ್ದರಂತೂ ಊರಿನ ಯಾರೂ ಏನೂ ಮಾಡಲಾರರು. 2017ರ ಫೆಬ್ರವರಿಯಲ್ಲಿ ಸಿಸ್ಕೊ ತಾನೇ ಒಂದು ವಿಷಯ ಹೊರಗೆ ಹಾಕಿತು. 4000 ಸಾಲಿನ 4331ರಂಥ ಕೆಲವು ರೌಟರುಗಳಲ್ಲಿ ಗಡಿಯಾರದ ಸಿಗ್ನಲ್ ಕೊಡುವ ಒಂದು ಭಾಗ 18 ತಿಂಗಳು ಓಡಿದ ಮೇಲೆ ಕೆಡಬಹುದು, ಕೆಟ್ಟರೆ ರೌಟರ್ ಮತ್ತೆ ಏಳುವುದಿಲ್ಲ ಎಂದು. ಅದಕ್ಕೆ ಮದ್ದು ಬದಲಿ ಪೆಟ್ಟಿಗೆ ಒಂದೇ ಆಗಿತ್ತು. ಹಳೆಯ ಸ್ಟಾಕಿನಿಂದ ಸೆಕೆಂಡ್‌ಹ್ಯಾಂಡ್ 4331ರಂಥದ್ದನ್ನು ಕೊಳ್ಳುವವರು ತಯಾರಾದ ತಿಂಗಳನ್ನು ಇವತ್ತಿಗೂ ನೋಡಬೇಕು.

ಇನ್ನು ಹಲ್ಲಿ. ನಗಬೇಡಿ. ಬೆಚ್ಚಗಿನ ಜಾಗ ಹುಡುಕಿಕೊಂಡು ಗಾಳಿಯ ಕಿಂಡಿಯಲ್ಲಿ ಒಳಗೆ ಹೊಕ್ಕ ಹಲ್ಲಿ, ಪವರ್ ಸಪ್ಲೈಯ ಎರಡು ಕಾಲುಗಳ ನಡುವೆ ಕೂತು ತಾನೂ ಹೋಗಿ ಅದನ್ನೂ ಕರೆದುಕೊಂಡು ಹೋದದ್ದನ್ನು ಮೂರು ಸಲ ಬಿಚ್ಚಿ ನೋಡಿದ್ದೇನೆ. ಇಂಥ ಕೇಸು ಹೆಚ್ಚಾಗಿ ಗುಣವಾಗುತ್ತದೆ. ಪವರ್ ಸಪ್ಲೈ ಬದಲಿಸಿ, ಬೋರ್ಡನ್ನು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬ್ರಷ್‌ನಲ್ಲಿ ತೊಳೆದು ಒಣಗಿಸಿದರೆ ಆಯಿತು. ಕುಂಬಳೆ, ಮಂಜೇಶ್ವರದ ಕಡಲ ಬದಿಯ ಮನೆಗಳಲ್ಲಿ ಕಾಂಟ್ಯಾಕ್ಟಿನ ಮೇಲೆ ಹಸಿರು ಕಿಲುಬು ಬರುತ್ತದಲ್ಲ, ಅದಕ್ಕೂ ಇದೇ ಮದ್ದು. ಸ್ಯಾಂಡ್‌ಪೇಪರ್ ಹಾಕಬೇಡಿ. ಮೇಲಿನ ಚಿನ್ನದ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಎರಡರಷ್ಟು ಕಿಲುಬು.

ರಿಪೇರಿಗೆ ಕೊಡುವ ಮೊದಲು ವಾರಂಟಿ ಉಂಟಾ ನೋಡಿ. ಸೀಲ್ ಒಡೆದ ಪೆಟ್ಟಿಗೆಯನ್ನು ಕಂಪನಿಯವರು ವಾಪಸು ತಳ್ಳುತ್ತಾರೆ.

ಆಯ್ಕೆ ಎರಡು: ಕಾರ್ಡ್ ಮಾತ್ರ ಬದಲಿಸುವುದು

ಕಾಗದದ ಮೇಲೆ ಇದು ಬಹಳ ಚಂದದ ಆಯ್ಕೆ. ಕಾನ್ಫಿಗರೇಶನ್ ಮದರ್‌ಬೋರ್ಡಿನಲ್ಲೇ ಉಳಿಯುತ್ತದೆ. ಅದೇ ಮಾದರಿಯ ಕಾರ್ಡನ್ನು ಅದೇ ಸ್ಲಾಟಿಗೆ ಹಾಕಿದರೆ ಪೋರ್ಟುಗಳ ಹೆಸರೂ ಬದಲಾಗುವುದಿಲ್ಲ. ಹಾಕಿ ಹತ್ತು ನಿಮಿಷಕ್ಕೆ ಕೌಂಟರ್ ತೆರೆಯಬಹುದು.

ಕರೆಂಟ್ ಇರುವಾಗಲೇ ತೆಗೆಯಬಹುದಾ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ದೊಡ್ಡ ಚಾಸಿಯ ಲೈನ್ ಕಾರ್ಡನ್ನು ಓಡುತ್ತಿರುವಾಗಲೇ ತೆಗೆಯಬಹುದು. ಸಿಸ್ಕೊ 4000 ಸಾಲಿನ ಪುಟ್ಟ ಕಾರ್ಡುಗಳನ್ನೂ ಮೊದಲು ಕಮಾಂಡ್ ಕೊಟ್ಟು ನಿಲ್ಲಿಸಿ ತೆಗೆಯಬಹುದು. 2900 ಸಾಲಿನಲ್ಲಿ ಆಗುವುದಿಲ್ಲ, ಸ್ವಿಚ್ ಆಫ್ ಮಾಡಿ ವಯರನ್ನೂ ಎಳೆದೇ ಕೈ ಹಾಕಬೇಕು. ಎರಡೂ ಸಾಲಿನ ಪೆಟ್ಟಿಗೆಗಳು ನೋಡಲಿಕ್ಕೆ ಅಕ್ಕತಂಗಿಯರ ಹಾಗೆ ಇರುವುದರಿಂದ ಇಲ್ಲೇ ಜನ ತಪ್ಪುವುದು.

ಕಾರ್ಡ್ ತೆಗೆಯುವುದನ್ನು ಕಲಿಸುವಾಗ ನಾನು ಹುಡುಗರಿಗೆ ಮೊದಲು ಮಣಿಕಟ್ಟಿನ ಪಟ್ಟಿ ಕಟ್ಟಿಸುತ್ತೇನೆ. "ನಮ್ಮ ಮಳೆಗಾಲದಲ್ಲಿ ಎಂತ ಸ್ಟ್ಯಾಟಿಕ್ ಅಣ್ಣ?" ಎಂದು ಕೇಳುತ್ತಾರೆ. ಮಾತು ಅರ್ಧ ಸರಿ. ಪಸೆ ಇರುವ ಗಾಳಿಯಲ್ಲಿ ಸ್ಟ್ಯಾಟಿಕ್ ಕಡಿಮೆ. ಆದರೆ ಸರ್ವರ್ ರೂಮಿನಲ್ಲಿ ಹಗಲೂ ರಾತ್ರಿ ಏಸಿ ಓಡಿ ಗಾಳಿ ಒಣಗಿರುತ್ತದೆ. ನಮ್ಮ ಬೆರಳಿಗೆ ಚುರ್ ಎಂದು ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್ಪು ಹಾಳಾಗಲು ನೂರರ ಲೆಕ್ಕದ ವೋಲ್ಟ್ ಸಾಕು. ಅಂದರೆ ಕೊಂದದ್ದು ನಮಗೆ ಗೊತ್ತೇ ಆಗುವುದಿಲ್ಲ. ಪಟ್ಟಿಯ ತುದಿಯನ್ನು ಚಾಸಿಯ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಬೇಕು. ಪಟ್ಟಿಯೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ, ಅಕಸ್ಮಾತ್ ಕರೆಂಟ್ ತಾಗಿದರೆ ಮನುಷ್ಯ ಉಳಿಯಲಿ ಎಂದು. ಅದಕ್ಕೇ ಬರೀ ತಂತಿ ಸುತ್ತಿಕೊಂಡು ನಿಲ್ಲಬಾರದು.

ಆಮೇಲೆ ಕಾರ್ಡನ್ನು ಆಫ್‌ಲೈನ್ ಮಾಡುವುದು. ಕಮಾಂಡಿನಲ್ಲಿ ಮಾಡಬಹುದು. ಜುನಿಪರಿನ ದೊಡ್ಡ ಚಾಸಿಯಲ್ಲಿ ಅದಕ್ಕೆಂದೇ ಬಟನ್ ಉಂಟು, ದೀಪ ಆರುವವರೆಗೆ ಸುಮಾರು 5 ಸೆಕೆಂಡು ಒತ್ತಿ ಹಿಡಿಯಬೇಕು. ಕೇಬಲುಗಳಿಗೆ ಮೊದಲೇ ನಂಬರ್ ಅಂಟಿಸಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಎರಡೂ ಬದಿಯ ಸ್ಕ್ರೂ ಸಡಿಲಿಸಿ. ಎರಡೂ ಲಿವರನ್ನು ಒಟ್ಟಿಗೆ ಹೊರಕ್ಕೆ ಅರಳಿಸಿ. ಒಂದನ್ನು ಮೊದಲು, ಇನ್ನೊಂದನ್ನು ಮತ್ತೆ ಎಳೆದರೆ ಕಾರ್ಡ್ ಓರೆಯಾಗಿ ಹಿಂದಿನ ಪಿನ್ನು ಬಾಗುತ್ತದೆ. ಕಾರ್ಡ್ ಅರ್ಧ ಅಂಗುಲ ಮುಂದೆ ಬಂದಾಗ ನಿಲ್ಲಿಸಿ, ಕೆಳಗೆ ಅಂಗೈ ಕೊಡಿ. ದೊಡ್ಡ ಲೈನ್ ಕಾರ್ಡ್ ಒಂದು ಕುಕ್ಕರಿನಷ್ಟು ಭಾರ ಇರುತ್ತದೆ, ಮೂತಿ ಹಿಡಿದು ಎಳೆದರೆ ಜೋಲುತ್ತದೆ.

ಹೊಸತನ್ನು ಹಾಕುವಾಗ ಎರಡೂ ಬದಿಯ ಹಳಿಗೆ ಕೂತಿದೆಯಾ ನೋಡಿ, ಮೆಲ್ಲ ತಳ್ಳಿ. ಕೊನೆಯ ಅಂಗುಲದಲ್ಲಿ ಒಂದು ತಡೆ ಸಿಗುತ್ತದೆ. ಅದು ಪಿನ್ನುಗಳು ಕೂಡುವ ಜಾಗ. ಅಲ್ಲಿ ಹೆಬ್ಬೆರಳಿನಲ್ಲಿ ಒತ್ತಬಾರದು, ಲಿವರನ್ನು ಮುಚ್ಚಬೇಕು. ಲಿವರಿನ ಹಲ್ಲು ಚಾಸಿಯ ಅಂಚನ್ನು ಕಚ್ಚಿ ಕಾರ್ಡನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಸರಿಯಾಗಿ ಕೂತದ್ದು ಕೈಗೇ ಗೊತ್ತಾಗುತ್ತದೆ. ತಡೆ ಜಾಸ್ತಿ ಎನಿಸಿದರೆ ಹೊರಗೆ ತೆಗೆದು ಟಾರ್ಚ್ ಹಾಕಿ. ಒಬ್ಬ ಹುಡುಗ ಬಲ ಹಾಕಿದ್ದಕ್ಕೆ ಹಿಂದಿನ ಬ್ಯಾಕ್‌ಪ್ಲೇನಿನ (ಕಾರ್ಡುಗಳೆಲ್ಲ ಬಂದು ಕೂಡುವ ಬೋರ್ಡಿನ) ಎರಡು ಪಿನ್ನು ಮಡಚಿ ಒಂದಕ್ಕೊಂದು ತಾಗಿ, ಆ ಚಾಸಿಯ ಒಂದು ಸ್ಲಾಟ್ ಇವತ್ತಿನವರೆಗೂ ಖಾಲಿ ಇದೆ. ಖಾಲಿ ಸ್ಲಾಟಿಗೆ ಮುಚ್ಚಳದ ತಗಡು ಹಾಕಲೇಬೇಕು. ಇಲ್ಲದಿದ್ದರೆ ಫ್ಯಾನಿನ ಗಾಳಿ ಅಲ್ಲಿಂದಲೇ ಹೊರಗೆ ಹೋಗಿ ಉಳಿದ ಕಾರ್ಡುಗಳು ಬಿಸಿಯಾಗುತ್ತವೆ. ನಮ್ಮಲ್ಲಾದರೆ ಹಲ್ಲಿಗೂ ಬಾಗಿಲು ತೆರೆದಿಟ್ಟ ಹಾಗೆ.

ಕೆಲಸ ಇಷ್ಟು ಸಲೀಸು. ಸಲೀಸಲ್ಲದ್ದು ಕಾರ್ಡ್ ಸಿಗುವುದು. ಸಿಸ್ಕೊ 2900 ಸಾಲಿಗೆ ಕಂಪನಿಯ ಬೆಂಬಲ 2022ರ ಕೊನೆಗೆ ಮುಗಿದಿದೆ. ಈಗ ಸಿಗುವ ಕಾರ್ಡುಗಳೆಲ್ಲ ಬೆಂಗಳೂರಿನ ಎಸ್‌ಪಿ ರೋಡ್, ದೆಹಲಿಯ ನೆಹರೂ ಪ್ಲೇಸಿನ ಕಡೆಯ ಬಿಚ್ಚಿದ ಮಾಲು. ಬೆಲೆ ಅಗ್ಗ. ಕೆಲವು ಇನ್ನೂ ಹತ್ತು ವರ್ಷ ಓಡುತ್ತವೆ, ಕೆಲವು ಪೊಟ್ಟಣ ಬಿಚ್ಚುವಾಗಲೇ ಸತ್ತಿರುತ್ತವೆ. ನಕಲಿಯ ಭಯವೂ ಇದೆ. 2020ರಲ್ಲಿ ಎಫ್-ಸೆಕ್ಯೂರ್ ಎಂಬ ಫಿನ್ಲೆಂಡಿನ ಸಂಸ್ಥೆ ಸಿಸ್ಕೊ 2960-ಎಕ್ಸ್ ಸ್ವಿಚ್ಚಿನ ನಕಲುಗಳನ್ನು ಬಿಚ್ಚಿ ನೋಡಿ ವರದಿ ಮಾಡಿತ್ತು. ಅವು ನಕಲಿ ಎಂದು ಗೊತ್ತಾದದ್ದು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ ಮೇಲೆ ಕೆಲಸ ನಿಲ್ಲಿಸಿದಾಗ. ಅಲ್ಲಿಯವರೆಗೆ ಅಸಲಿಯ ಹಾಗೇ ಓಡುತ್ತಿದ್ದವು. ಆದ್ದರಿಂದ ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ನಾನು ಮೂರು ಕೇಳುತ್ತೇನೆ: ಕಾರ್ಡ್ ರೌಟರಿನೊಳಗೆ ಓಡುತ್ತಿರುವಾಗ ತೆಗೆದ "ಶೋ ಇನ್ವೆಂಟರಿ"ಯ ಫೋಟೋ, ಕಾರ್ಡಿನ ಮೇಲಿನ ಸೀರಿಯಲ್ ನಂಬರಿನ ಫೋಟೋ, ಬಿಲ್ಲಿನಲ್ಲಿ ಬರೆದುಕೊಟ್ಟ 30 ದಿನದ ವಾಪಸಾತಿ. ಎರಡು ಫೋಟೋದ ನಂಬರ್ ತಾಳೆಯಾಗದಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಗಡಿಯವರಿಗೆ ಇನ್ನೊಂದು ಕಿರಿಕಿರಿ. ಮಂಗಳೂರು ನಮಗೆ 50 ಕಿಲೋಮೀಟರ್, ಬಸ್ಸಿನಲ್ಲಿ ಹೋಗಿ ಬರುವ ಊರು. ಆದರೆ ತಲಪಾಡಿ ದಾಟಿದರೆ ಬೇರೆ ರಾಜ್ಯ. ಸಂಘದ ಜಿಎಸ್‌ಟಿ ಹಾಕಿಸಿ ಬಿಲ್ ಮಾಡಿಸಿದರೆ ಅಂತರರಾಜ್ಯ ವ್ಯವಹಾರ. 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಪತ್ರ) ಬೇಕು. ದೊಡ್ಡ ಚಾಸಿಯ ಕಾರ್ಡ್ ಆ ಮೊತ್ತವನ್ನು ಆರಾಮವಾಗಿ ದಾಟುತ್ತದೆ.

ಮದರ್‌ಬೋರ್ಡನ್ನೇ ಬದಲಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. 2900ರಂಥ ರೌಟರುಗಳಲ್ಲಿ ಲೈಸೆನ್ಸ್ ಪೆಟ್ಟಿಗೆಯ ಸೀರಿಯಲ್ ನಂಬರಿಗೆ ಅಂಟಿಕೊಂಡಿರುತ್ತದೆ. ಜೊತೆಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಕಿತ್ತು ಹೊಸದಕ್ಕೆ ಹಾಕಿದರೆ ಎಲ್ಲ ಬಂತು ಎಂದು ಜನ ಭಾವಿಸುತ್ತಾರೆ. ಅದರಲ್ಲಿ ಬರುವುದು ಸಾಫ್ಟ್‌ವೇರ್ ಮಾತ್ರ. ಕಾನ್ಫಿಗರೇಶನ್ ಇರುವುದು ಮದರ್‌ಬೋರ್ಡಿನ ಮೆಮೊರಿಯಲ್ಲಿ.

ಆಯ್ಕೆ ಮೂರು: ಪೆಟ್ಟಿಗೆಯನ್ನೇ ಬದಲಿಸುವುದು

ಹತ್ತು ವರ್ಷ ಹಳೆಯ ಮಾಡ್ಯುಲರ್, ಅಂದರೆ ಕಾರ್ಡಿನ ಸ್ಲಾಟ್ ಇರುವ, ರೌಟರಿನ ಒಂದು ಕಾರ್ಡ್ ಹೋದರೆ ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಆಗ ಸ್ಲಾಟ್ ಬೇಕಾಗಿದ್ದದ್ದು ಬೇರೆ ಬೇರೆ ಬಗೆಯ ಲೈನುಗಳಿಗೆ, ಲೀಸ್ಡ್ ಲೈನಿನ ಸೀರಿಯಲ್ ಕಾರ್ಡ್, ಐಎಸ್‌ಡಿಎನ್ ಕಾರ್ಡ್ ಎಂದು. ಈಗ ಎಲ್ಲ ಕಡೆ ಬರುವುದು ಈಥರ್ನೆಟ್ಟೇ. ಐದೋ ಹತ್ತೋ ಪೋರ್ಟಿನ, ಸ್ಲಾಟ್ ಇಲ್ಲದ ಸಣ್ಣ ರೌಟರ್ ಸಂಘದ ಕೆಲಸಕ್ಕೆ ಧಾರಾಳ ಸಾಕು. ಕರೆಂಟ್ ಬಿಲ್ಲೂ ಕಡಿಮೆ, ಫ್ಯಾನಿನ ಗಲಾಟೆಯೂ ಇಲ್ಲ.

ಕಷ್ಟ ಇರುವುದು ಹಳೆಯ ಕಾನ್ಫಿಗರೇಶನ್ ಹೊಸದಕ್ಕೆ ಸಾಗಿಸುವುದರಲ್ಲಿ. ಮೈಕ್ರೋಟಿಕ್ ಕಂಪನಿಯ ರೌಟರ್ ಇಟ್ಟವರು ಒಂದು ವ್ಯತ್ಯಾಸ ತಿಳಿದಿರಬೇಕು. ಅದರಲ್ಲಿ "ಬ್ಯಾಕಪ್" ಎಂದು ಸಿಗುವ ಫೈಲ್ ಅದೇ ಪೆಟ್ಟಿಗೆಗೆ ಮರಳಿ ಹಾಕಲಿಕ್ಕೆ ಇರುವಂಥದ್ದು. ಬೇರೆ ಪೆಟ್ಟಿಗೆಗೆ ಹಾಕಿದರೆ ಹಳೆಯದರ ಮ್ಯಾಕ್ ವಿಳಾಸಗಳೂ (ಪ್ರತಿ ಪೋರ್ಟಿನ ಗುರುತಿನ ಸಂಖ್ಯೆಗಳು) ಬಂದು ಎಡವಟ್ಟಾಗುತ್ತದೆ. "ಎಕ್ಸ್‌ಪೋರ್ಟ್" ಕೊಟ್ಟರೆ ಓದಬಹುದಾದ ಪಠ್ಯ ಸಿಗುತ್ತದೆ, ಅದನ್ನು ತಿದ್ದಿ ಬೇರೆ ಮಾದರಿಗೂ ಹಾಕಬಹುದು. ಆದರೆ ಹೊಸ ಏಳನೇ ಆವೃತ್ತಿಯಲ್ಲಿ ಸುಮ್ನೆ ಎಕ್ಸ್‌ಪೋರ್ಟ್ ಎಂದರೆ ಪಾಸ್‌ವರ್ಡುಗಳು ಬರುವುದಿಲ್ಲ, ಅವನ್ನೂ ಸೇರಿಸು ಎಂದು ಬೇರೆಯಾಗಿ ಹೇಳಬೇಕು. ನಾನು ಎರಡನ್ನೂ ತೆಗೆದಿಡುತ್ತೇನೆ. ಸಿಸ್ಕೊದಲ್ಲಿ ಕಾನ್ಫಿಗರೇಶನ್ ಹೇಗೂ ಪಠ್ಯವೇ.

ಇನ್ನೊಂದು ಜಾಗದಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಇಂಟರ್ನೆಟ್ ಕೊಡುವವರು ಹಳೆಯ ರೌಟರಿನ ಮ್ಯಾಕ್ ವಿಳಾಸವನ್ನೋ, ಮೋಡೆಮಿನ ಸೀರಿಯಲ್ ನಂಬರನ್ನೋ ತಮ್ಮಲ್ಲಿ ಬರೆದಿಟ್ಟುಕೊಂಡಿರುತ್ತಾರೆ. ಹೊಸತು ಹಾಕಿದರೆ ಲಿಂಕ್ ದೀಪ ಉರಿಯುತ್ತದೆ, ನೆಟ್ ಮಾತ್ರ ಬರುವುದಿಲ್ಲ. ಹೊಸ ರೌಟರೂ ಕೆಟ್ಟಿದೆ ಎಂದು ಅಂಗಡಿಗೆ ಓಡುವ ಮೊದಲು ಅವರಿಗೆ ಫೋನ್ ಮಾಡಿ ಹೊಸ ನಂಬರ್ ಕೊಡಿ. ಹೊಸ ನಂಬರ್ ಹತ್ತುವುದಕ್ಕೆ ಕೆಲವೊಮ್ಮೆ ಸಂಜೆಯಾಗುತ್ತದೆ, ಶನಿವಾರ ಮಧ್ಯಾಹ್ನದ ಮೇಲಾದರೆ ಸೋಮವಾರವೇ.

ಆಯ್ಕೆ ನಾಲ್ಕು: ಎಎಂಸಿ (ವಾರ್ಷಿಕ ನಿರ್ವಹಣೆಯ ಒಪ್ಪಂದ), ಇಲ್ಲವೇ ಕಪಾಟಿನಲ್ಲಿ ಒಂದು ಸ್ಪೇರ್

ಕಂಪನಿಯ ಒಪ್ಪಂದದಲ್ಲಿ "ಮರುದಿನದ ಬದಲಿ" ಎಂದು ಬರೆದಿರುತ್ತದೆ. ಮರುದಿನ ಎಂದರೆ ಮರು ಕೆಲಸದ ದಿನ. ಅದೂ ದೋಷ ಖಚಿತವಾದ ಮೇಲೆ, ಇಂತಿಷ್ಟು ಗಂಟೆಯೊಳಗೆ ಖಚಿತವಾದರೆ. ನಮ್ಮ ಪಿನ್‌ಕೋಡ್ 671ರಿಂದ ಶುರುವಾಗುವುದು ನೋಡಿ, ಫೋನೆತ್ತಿದವರು ಮಲಯಾಳದಲ್ಲಿ ಶುರು ಮಾಡುತ್ತಾರೆ. ಅದು ನಮಗೆ ತೊಂದರೆ ಇಲ್ಲ ಅನ್ನಿ, ಪೇಟೆಯಲ್ಲಿ ಆಡಿ ರೂಢಿ ಉಂಟು. ತೊಂದರೆ ಇರುವುದು ಎಂಜಿನಿಯರ್ ಕಣ್ಣೂರಿನಿಂದಲೋ ಕೋಝಿಕ್ಕೋಡಿನಿಂದಲೋ ಬರಬೇಕು ಎಂಬುದರಲ್ಲಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಬಿಡಿಭಾಗ ಯಾವ ಊರಿನ ಗೋದಾಮಿನಿಂದ ಬರುತ್ತದೆ ಎಂದು ಬರಹದಲ್ಲಿ ಕೇಳಿ. ಉತ್ತರ ಬರದಿದ್ದರೆ ಅದೇ ಉತ್ತರ.

ದೊಡ್ಡ ಚಾಸಿ ಇರುವವರಿಗೆ ಒಪ್ಪಂದ ಬೇಕೇ ಬೇಕು. ಕಾರ್ಡಿನ ಬೆಲೆಯೇ ಹಾಗೆ, ಸಾಫ್ಟ್‌ವೇರ್ ಅಪ್‌ಡೇಟೂ ಒಪ್ಪಂದದ ಜೊತೆಗೇ ಬರುತ್ತದೆ. ಉಳಿದವರಿಗೆ ನನ್ನ ಮತ ಸ್ಪೇರಿಗೆ. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ, ಕಾನ್ಫಿಗರೇಶನ್ ಹಾಕಿ ತಯಾರಾಗಿ, ಕಪಾಟಿನಲ್ಲಿ. ಹೊತ್ತು ಬಂದಾಗ ಕ್ಯಾಶಿಯರ್ ಕೂಡ ಕೇಬಲ್ ಬದಲಿಸಬಲ್ಲರು, ಎರಡೂ ಪೆಟ್ಟಿಗೆಯ ಪೋರ್ಟಿಗೆ ಒಂದೇ ಬಣ್ಣದ ಟೇಪ್ ಅಂಟಿಸಿದ್ದರೆ.

ಸ್ಪೇರ್ ಇಡುವುದಕ್ಕೂ ಕ್ರಮ ಉಂಟು. ನಮ್ಮ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಸ್ಟು ಬರುತ್ತದೆ, ಬೋರ್ಡನ್ನು ಬಿಡುತ್ತದಾ? ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸ್ಟ್ಯಾಟಿಕ್ ತಡೆಯುವ ಚೀಲದೊಳಗೆ, ಪಸೆ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಮೂರು ತಿಂಗಳಿಗೊಮ್ಮೆ ಹೊರಗೆ ತೆಗೆದು ಅರ್ಧ ಗಂಟೆ ಓಡಿಸಿ, ಆಗಲೇ ಹೊಸ ಕಾನ್ಫಿಗರೇಶನ್ ಕೂಡ ತುಂಬಿಸಿ. ಎರಡು ವರ್ಷ ಮುಟ್ಟದೆ ಇಟ್ಟ ಸ್ಪೇರ್ ಅಗತ್ಯದ ದಿನ ಏಳದೆ ಹೋದದ್ದು ನನ್ನ ಕೈಯಲ್ಲೇ ಆಗಿದೆ. ಆ ದಿನ ಒಂದು ನರ್ಸಿಂಗ್ ಹೋಮಿನಲ್ಲಿ ಬಿಲ್ಲುಗಳನ್ನೆಲ್ಲ ಕೈಯಲ್ಲಿ ಬರೆದರು.

ಹಾಗಾದರೆ ಯಾರಿಗೆ ಯಾವುದು

ಮನೆಗೆ: ಅಡಾಪ್ಟರ್ ಬದಲಿಸಿ, ಆಗದಿದ್ದರೆ ಹೊಸ ರೌಟರ್. ಬೋರ್ಡ್ ರಿಪೇರಿಯ ಗೊಡವೆ ಬೇಡ. ಶಾಲೆಗೆ ಒಂದೆರಡು ದಿನ ಕಾಯುವ ಪುರುಸೊತ್ತು ಇರುತ್ತದೆ, ಪವರ್ ಭಾಗ ಹೋಗಿದ್ದರೆ ರಿಪೇರಿ ಮಾಡಿಸಿ ನೋಡಬಹುದು.

ಸಂಘ, ಬ್ಯಾಂಕ್ ಶಾಖೆ, ನರ್ಸಿಂಗ್ ಹೋಮ್: ಸ್ಲಾಟ್ ಇಲ್ಲದ ಒಂದೇ ಮಾದರಿಯ ಎರಡು ಪೆಟ್ಟಿಗೆ. ಎರಡರ ಬೆಲೆ ಸೇರಿಸಿದರೂ ಒಂದು ಹೊಸ ಮಾಡ್ಯುಲರ್ ರೌಟರಿಗಿಂತ ಕಡಿಮೆಯೇ ಬರುತ್ತದೆ. ಕಾರ್ಡ್ ಬದಲಿಸುವುದು ಇವರಿಗೆ ಹೊಂದುವುದು ಒಂದೇ ಸಂದರ್ಭದಲ್ಲಿ: ರೌಟರ್ ಹೊಸತು, ಕಂಪನಿಯ ಬೆಂಬಲ ಇನ್ನೂ ಇದೆ, ಕಾರ್ಡ್ ಎರಡು ದಿನದೊಳಗೆ ಕೈಗೆ ಬರುತ್ತದೆ ಎಂದಾದರೆ.

ಕೇಬಲ್ ಆಪರೇಟರಿಗೆ ಸಾವಿರ ಮನೆ ಒಂದೇ ಚಾಸಿಯ ಮೇಲೆ ನಿಂತಿದ್ದರೆ ಕಾರ್ಡ್ ಬದಲಿಸುವುದೇ ದಾರಿ. ಒಂದು ಲೈನ್ ಕಾರ್ಡ್, ಒಂದು ಪವರ್ ಸಪ್ಲೈ, ಒಂದು ಫ್ಯಾನ್ ಟ್ರೇ ಕೈಯಲ್ಲಿರಲಿ. ಮೂರರಲ್ಲಿ ಒಂದಕ್ಕೇ ದುಡ್ಡು ಇದ್ದರೆ ಫ್ಯಾನ್ ಟ್ರೇ ತೆಗೆದುಕೊಳ್ಳಿ. ತಿರುಗುವ ವಸ್ತು ಮೊದಲು ಸವೆಯುತ್ತದೆ, ಅದು ನಿಂತರೆ ಉಳಿದೆಲ್ಲ ಕಾರ್ಡುಗಳೂ ಸಾಲಾಗಿ ಅಪಾಯಕ್ಕೆ ಬೀಳುತ್ತವೆ.

ಯಾವ ಆಯ್ಕೆ ಹಿಡಿದರೂ ಸಿಡಿಲಿನ ದಾರಿ ಮುಚ್ಚದಿದ್ದರೆ ಹೊಸ ಬೋರ್ಡೂ ಹಳೆಯದರ ಹಿಂದೆಯೇ ಹೋಗುತ್ತದೆ. ಎರಡು ಕಟ್ಟಡದ ನಡುವೆ ತಾಮ್ರ ಎಳೆಯಬೇಡಿ, ಫೈಬರ್ ಎಳೆಯಿರಿ. ಗಾಜಿನೊಳಗೆ ಕರೆಂಟ್ ಹರಿಯುವುದಿಲ್ಲ. ಕೇಬಲಿನಲ್ಲಿ ಬಲಕ್ಕೆಂದು ಕಬ್ಬಿಣದ ತಂತಿ ಸೇರಿಸಿದ್ದರೆ ಅದನ್ನು ಪೆಟ್ಟಿಗೆಯವರೆಗೆ ತರದೆ ಹೊರಗೇ ಕತ್ತರಿಸಿ. ನಮ್ಮ ಮುರಕಲ್ಲಿನ ನೆಲದಲ್ಲಿ ಒಳ್ಳೆಯ ಅರ್ತಿಂಗ್ ಸಿಗುವುದು ಕಷ್ಟ, ಬೇಸಗೆಯಲ್ಲಿ ಇನ್ನೂ ಕಷ್ಟ. ಅರ್ತಿಂಗ್ ಗುಂಡಿಯನ್ನು ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಹಾಕಿಸಿ ಅಳೆಯಿಸಿ. ಒಂದು ಕೊಡ ನೀರು ಹೊಯ್ದು ಆಯಿತು ಎನ್ನಬೇಡಿ.

ಸಂಘದಲ್ಲಿ ಏನಾಯಿತು ಎಂದರೆ, ಆ ದಿನ ಮಧ್ಯಾಹ್ನ ನನ್ನ ಸ್ಪೇರ್ ಪೆಟ್ಟಿಗೆ ಹಾಕಿ ಕೌಂಟರ್ ತೆರೆದೆವು. ಸೆಕ್ರೆಟರಿಯವರು ಅಗ್ಗ ಎಂದು ಸೆಕೆಂಡ್‌ಹ್ಯಾಂಡ್ ಕಾರ್ಡ್ ತರಿಸಿದರು. ಬಂದು ಸೇರಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಕಮಿಟಿ ಎರಡು ಸಣ್ಣ ರೌಟರಿಗೂ ಗೋಡೌನಿನ ಫೈಬರಿಗೂ ಒಪ್ಪಿಗೆ ಕೊಟ್ಟಾಗಿತ್ತು. ಹಳೆಯ ರೌಟರಿನ ಕಾನ್ಫಿಗರೇಶನ್ ಅಳಿಸಿ, ಸಂಘದ ಪಾಸ್‌ವರ್ಡ್ ಒಂದೂ ಉಳಿದಿಲ್ಲ ಎಂದು ನೋಡಿ, ಬಂದ ಕಾರ್ಡನ್ನು ಅದಕ್ಕೇ ಹಾಕಿದೆ. ಚೆನ್ನಾಗಿ ಓಡುತ್ತದೆ. ಈಗ ನನ್ನ ಮನೆಯ ಜಗಲಿಯಲ್ಲಿ ಇದೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಅದರಲ್ಲೇ ಸ್ವಿಚ್ ಆಫ್ ಮಾಡಿ ಕಾರ್ಡ್ ತೆಗೆದು ಹಾಕುವುದನ್ನು ಕಲಿಯುತ್ತಾರೆ.